ಮೊಟ್ಟೆಯೊಡೆದು ಹಾಲು ಕುಡಿಯುವ ಮರಿ

ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜವೆಂದು ನಮ್ಮ ಪೂರ್ವಿಕರು ಜೀವಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿರುವರು. ಮೊಟ್ಟೆಯಿಡುವುದು ಹಾಲೂಡದು, ಹಾಲೂಡುವುದು ಮೊಟ್ಟೆಯಿಡದು ಎಂದು ನಾವೂ ಬಹುಕಾಲ ತರಗತಿಯಲ್ಲಿ ಬರೆಯಿಸಿದೆವು. ಎರಡನ್ನೂ ಮಾಡುವ ಪ್ರಾಣಿಯೊಂದುಂಟೆಂದು ಒಮ್ಮೆ ಒಬ್ಬ ಹುಡುಗನು ಉತ್ತರ ಬರೆಯಲು, ಕೆಂಪು ಮಸಿಯಿಂದ ಹೊಡೆದುಹಾಕಿದೆವು. ಅವನು ಈಗೆಲ್ಲಿರುವನೋ ತಿಳಿಯದು. ಅವನಿಗೆ ಸಲ್ಲಬೇಕಾಗಿದ್ದ ಅಂಕವನ್ನು ಈ ಪುಟದಲ್ಲಾದರೂ ಸಲ್ಲಿಸುತ್ತಿದ್ದೇವೆ.

ಆ ಪ್ರಾಣಿಯೇ ಪ್ಲಾಟಿಪಸ್. ಆಸ್ಟ್ರೇಲಿಯದ ಪೂರ್ವಭಾಗದ ಹೊಳೆಗಳಲ್ಲಿಯೂ ಟಾಸ್ಮೇನಿಯ ದ್ವೀಪದಲ್ಲಿಯೂ ಇರುವುದು; ಬಾತಿನ ಕೊಕ್ಕು, ಒತ್ತಾದ ತುಪ್ಪುಳು, ಚಪ್ಪಟೆಯಾದ ಬಾಲ. ಹೆಣ್ಣು ದಡದಲ್ಲಿ ಉದ್ದವಾದ ಬಿಲವನ್ನು ತೋಡಿ, ಒದ್ದೆ ಎಲೆಗಳನ್ನು ಬಾಲದಲ್ಲಿ ಮಡಿಸಿ ಹಿಡಿದು ಒಯ್ದು, ಅದರ ಕೊನೆಯಲ್ಲಿ ಹಾಸುವುದು. ದಾರಿಯನ್ನು ಅಲ್ಲಲ್ಲಿ ಮಣ್ಣಿನಿಂದ ಮುಚ್ಚಿಕೊಳ್ಳುವುದು. ಗಂಡಿಗೆ ಈ ಸಂಸಾರದ ಗೊಡವೆಯೇ ಇಲ್ಲ. ಮೊಟ್ಟೆಗಳು ಸಾಮಾನ್ಯವಾಗಿ ಎರಡು. ಒಂದೊಂದೂ ಸುಮಾರು 17 ಮಿಲಿಮೀಟರ್ ಉದ್ದ. ಚಿಪ್ಪು ಕೋಳಿಮೊಟ್ಟೆಯದರಂತೆ ಗಡುಸಲ್ಲ. ಹಾವಿನ ಮೊಟ್ಟೆಯಂತೆ ತೊಗಲಿನ ಹಾಗಿರುವುದು. ತಾಯಿಯು ಅವನ್ನು ಹೊಟ್ಟೆಗೂ ಬಾಲಕ್ಕೂ ನಡುವೆ ಅವುಚಿಕೊಂಡು, ಸುರುಳಿಯಾಗಿ ಮಲಗಿ, ಸುಮಾರು 10 ದಿವಸ ಕಾವು ಕೊಡುವುದು.

ಮರಿಯ ಮೇಲ್ದವಡೆಯ ತುದಿಯಲ್ಲಿ ಒಂದು ಪುಟ್ಟ ಹಲ್ಲುಂಟು. ಅದರಿಂದ ಚಿಪ್ಪನ್ನು ಸೀಳಿ ಹೊರಬರುವುದು; ಆಮೇಲೆ ಆ ಹಲ್ಲು ಬಿದ್ದುಹೋಗುವುದು. ಸಂಸ್ಕೃತದಲ್ಲಿ ಮೊಟ್ಟೆಯಿಂದ ಹುಟ್ಟಿದ್ದೂ ದ್ವಿಜ, ಹಲ್ಲೂ ದ್ವಿಜ. ದ್ವಿಜದ ಸಹಾಯದಿಂದ ಹುಟ್ಟುವ ದ್ವಿಜವಿದು! ಹೊರಬಂದ ಮರಿಯು ಅವರೆಕಾಳಿನಷ್ಟು. ಕಣ್ಣು ತೆರೆದಿರದು, ಮೈಮೇಲೆ ಒಂದು ಕೂದಲೂ ಇರದು. ತಾಯಿಗಾದರೋ ಮೊಲೆತೊಟ್ಟೇ ಇಲ್ಲ. ಹೊಟ್ಟೆಯ ಚರ್ಮದ ಸೂಕ್ಷ್ಮರಂಧ್ರಗಳಿಂದ ಹಾಲು ಬೆವರಿನಂತೆ ಒಸರುವುದು. ಮರಿಗಳು ಅದನ್ನು ಅಲ್ಲಿಂದಲೇ ಹೀರಿಕೊಳ್ಳುವುವು. ಚರ್ಮದ ಮೇಲೆ ಹರಡಿದ ಹಾಲಿಗೆ ರೋಗಾಣುಗಳು ಸೋಂಕದಿರುವುವೆ? ಅವುಗಳನ್ನು ತಡೆಯತಕ್ಕ ಒಂದು ವಿಶೇಷವಾದ ಪ್ರೋಟೀನು ಆ ಹಾಲಿನಲ್ಲಿಯೇ ಉಂಟು. ಅದರ ರಚನೆಯನ್ನು ಆಸ್ಟ್ರೇಲಿಯದ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದರು. ಹೀಗೆ ಮೂರು ನಾಲ್ಕು ತಿಂಗಳು ಕತ್ತಲೆಯಲ್ಲಿ ಬೆಳೆದು, ಮೈತುಂಬ ತುಪ್ಪುಳು ಮೂಡಿದ ಬಳಿಕ ಮರಿಗಳು ನೀರಿಗಿಳಿಯುವುವು.

ಇದು ಮೊಟ್ಟೆಯಿಡುವುದೆಂದು ಆ ದೇಶದ ಮೂಲನಿವಾಸಿಗಳು ಹೇಳಿದ್ದರು. ಯುರೋಪಿನ ಪಂಡಿತರು ನಂಬಲಿಲ್ಲ. 1799ರಲ್ಲಿ ಇದನ್ನು ಮೊದಲು ವರ್ಣಿಸಿದ ಜಾರ್ಜ್ ಷಾ ಎಂಬವರು, ಬಂದ ಚರ್ಮವನ್ನು ನೋಡಿ, ಯಾರೋ ಕೊಕ್ಕನ್ನು ಹೊಲಿದು ಮೋಸಮಾಡಿರಬಹುದೆಂದು ಶಂಕಿಸಿದ್ದರಂತೆ. ಕಡೆಗೆ 1884ರಲ್ಲಿ ವಿಲಿಯಂ ಕಾಲ್ಡ್‌ವೆಲ್ಲರು ಕ್ವೀನ್ಸ್‌ಲೆಂಡಿನ ಬರ್ನೆಟ್ ನದಿಯ ಬಳಿ ಆ ಮೂಲನಿವಾಸಿಗಳ ನೆರವಿನಿಂದಲೇ ಹುಡುಕಿಸಿದರು. ಅವರು ಗುಂಡಿಕ್ಕಿ ಕೊಂದ ಒಂದು ಹೆಣ್ಣು ಆಗತಾನೆ ಒಂದು ಮೊಟ್ಟೆಯನ್ನಿಟ್ಟಿತ್ತು. ಇನ್ನೊಂದು ಗರ್ಭದಲ್ಲಿಯೇ ಇತ್ತು. ಸಂಗತಿಯನ್ನು ಅವರು ತಂತಿಯ ಮೂಲಕ ತಿಳಿಸಿದರು. ಅದರಲ್ಲಿದ್ದುದು ನಾಲ್ಕೇ ಮಾತು. ಪಂಡಿತರು ಆಗ ನಂಬಿದರು.