ಕೇಕ್ ಮುಸುರೆಯೇ?

ನೆನಪಿದೆಯಾ ಮಕ್ಕಳೇ? 2020ರ ಡಿಸೆಂಬರ್ 25ರಂದು ಕ್ರಿಸ್‌ಮಸ್ಸೂ ವೈಕುಂಠ ಏಕಾದಶಿಯೂ ಒಟ್ಟಿಗೇ ಬಂದವು! ತಲಕಾಡು ಕೀರ್ತಿನಾರಾಯಣನ ಊರು. ನಮ್ಮನೆ ಅಜ್ಜಿಗೆ ಉಪವಾಸ. ಪಕ್ಕದ ಮನೆಯಿಂದ ಬಂತು ಪ್ಲಮ್ ಕೇಕ್. ಬೇಡವೆಂದರೆ ಅವರಿಗೆ ಬೇಜಾರು.

"ಏಕಾದಶಿಗೆ ಅನ್ನ ಕೂಡದು. ಇದು ಮೈದಾ ಅಲ್ವಾ?" ಎಂದ ಮಗ.

"ನೀರಲ್ಲಿ ಬೆಂದರೆ ತಾನೇ ಮುಸುರೆ? ಇದು ಓವನ್‌ನಲ್ಲಿ ಬೆಂದಿದೆ" ಎಂದಳು ಮಗಳು. ಮಡಿಯ ಕಟ್ಟಳೆ ಮಾಡಿದವರು ಓವನ್ ಕಂಡಿರಲಿಲ್ಲ, ಪಾಪ!

"ಮೊಟ್ಟೆ?" ಎಂದರು ಅಜ್ಜಿ.

"ನಿಮಗೋಸ್ಕರ ಹಾಕಿಲ್ಲಮ್ಮ!" ಕಾಂಪೌಂಡಿನಾಚೆಯಿಂದ ಉತ್ತರ ಬಂತು.

8 ತುಂಬದವರಿಗೂ 80 ದಾಟಿದವರಿಗೂ ಏಕಾದಶಿ ಕಡ್ಡಾಯವಲ್ಲ ಎನ್ನುತ್ತದೆ ಶಾಸ್ತ್ರ. ಮಗನಿಗೆ 7, ತಿಂದ. ಅಜ್ಜಿಗೆ 79! ಅವರ ತುಂಡು ಮರುದಿನದ ದ್ವಾದಶಿ ಪಾರಣೆಗೆಂದು ಡಬ್ಬಿ ಸೇರಿತು. ತಟ್ಟೆ ಖಾಲಿ ಕಳಿಸಬಾರದಲ್ಲ, ನಂಜನಗೂಡು ರಸಬಾಳೆ ಇಟ್ಟು ಕಳಿಸಿದರು.