ಜುಟ್ಟಿಗೆ ಮಲ್ಲಿಗೆ, ಬ್ರೇಕಿಗೆ ಹಳೇ ಎಣ್ಣೆ

ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದವರಿಗೆ ಮೊದಲು ಕಾಣುವುದು ಅಂಗಳದಲ್ಲಿ ಬಾಯಿ ತೆರೆದು ನಿಂತ ಒಂದು ಮಾರುತಿ 800. 1998ರ ಮಾಡೆಲ್, ಕಾರ್ಬ್ಯುರೇಟರ್ ಇರುವಂಥದ್ದು. ನಾವಿಬ್ಬರೂ ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಕಲಿಸುವವರು. ಒಬ್ಬರದ್ದು ಭೌತಶಾಸ್ತ್ರ, ಇನ್ನೊಬ್ಬರದ್ದು ಕನ್ನಡ. ಕಾರಿನ ಕೆಲಸದಲ್ಲಿ ಮಾತ್ರ ಇಬ್ಬರೂ ವಿದ್ಯಾರ್ಥಿಗಳೇ! ಮಳೆಗಾಲದಲ್ಲಿ ಸ್ಟಾರ್ಟ್ ಆಗದೆ ಮುನಿಸಿಕೊಂಡರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಣ ಬಟ್ಟೆಯಲ್ಲಿ ಒರೆಸುವುದು, ಪ್ಲಗ್ ಬಿಚ್ಚಿ ಮಸಿ ತೆಗೆಯುವುದು, ಕಾಲಡಿಯ ಮ್ಯಾಟ್ ಎತ್ತಿ ತುಕ್ಕು ಹಿಡಿದಿದೆಯೇ ಎಂದು ನೋಡುವುದು... ಹೀಗೆ ಸಣ್ಣಪುಟ್ಟದ್ದೆಲ್ಲ ನಮ್ಮ ಕೈಯದೇ.

"ಇಬ್ಬರಿಗೂ ಸಂಬಳ ಬರ್ತದೆ, ಹೊಸತು ತಗೊಳ್ಬಾರದಾ?" ಅಂತ ನೆರೆಯವರು ಕೇಳುತ್ತಾರೆ. ನಕ್ಕು ಸುಮ್ಮನಾಗುತ್ತೇವೆ. ಮೊನ್ನೆ ನಡೆದ ಒಂದು ಘಟನೆ ಮಾತ್ರ ನಗುವಂಥದ್ದಾಗಿರಲಿಲ್ಲ. ಅದಕ್ಕೇ ಈ ಬರಹ.

ಆರೇಳು ವರ್ಷದ ಹಿಂದೆ ನಮ್ಮಲ್ಲಿ ಹತ್ತನೇ ಕ್ಲಾಸು ಮುಗಿಸಿದ ಹುಡುಗನೊಬ್ಬ ತನ್ನ ಕಾರು ತೋರಿಸಲು ಬಂದಿದ್ದ. ಅದೂ ಹಳೇ 800. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು, ರಜೆಯ ದಿನಗಳಲ್ಲಿ ತಾನೇ ಕುಳಿತು 'ಮಾಡಿಫೈ' ಮಾಡಿದ್ದ. ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸಿದ್ದಾನೆ. ಸೈಲೆನ್ಸರ್ ಬದಲಾಯಿಸಿದ್ದಾನೆ, ಸದ್ದು ಎರಡು ತೋಟದಾಚೆಗೂ ಕೇಳುತ್ತದೆ. ಹೆಡ್‌ಲೈಟಿಗೆ 100/90 ವ್ಯಾಟಿನ ಬಲ್ಬು ಹಾಕಿದ್ದಾನೆ. ಹುಡುಗನ ಕೈಕೆಲಸ ಚೊಕ್ಕವೇ. ಹೆಮ್ಮೆಯಿಂದ ಎಲ್ಲ ತೋರಿಸಿದ ಮೇಲೆ ಮೆಲ್ಲಗೆ ಕೇಳಿದ: "ಮಾಷ್ಟ್ರೇ, ಲೈಟಿನ ಸ್ವಿಚ್ಚು ಬಿಸಿಯಾಗ್ತದೆ. ಒಂಥರಾ ವಾಸನೆ ಕೂಡ ಉಂಟು. ಎಂತಕ್ಕೆ?"

ಬಗ್ಗಿ ನೋಡಿದರೆ ಡ್ಯಾಶ್‌ಬೋರ್ಡಿನಡಿಯ ವಯರಿನ ಪ್ಲಾಸ್ಟಿಕ್ ಮೆತ್ತಗಾಗಿತ್ತು.

ಬಾನೆಟ್ಟಿನ ಧೂಳಿನ ಮೇಲೆ ಬೆರಳಲ್ಲೇ ಲೆಕ್ಕ ಬರೆದೆವು. ಬ್ಯಾಟರಿ 12 ವೋಲ್ಟ್. ಮೊದಲಿದ್ದ 60 ವ್ಯಾಟಿನ ಬಲ್ಬು ಎಳೆಯುವುದು 5 ಆಂಪಿಯರ್, ಎರಡಕ್ಕೆ 10. 100 ವ್ಯಾಟಿನದ್ದು ಎಳೆಯುವುದು 8.3, ಎರಡಕ್ಕೆ 16ಕ್ಕೂ ಮಿಕ್ಕಿ. ವಯರು ಮಾತ್ರ ಅದೇ ಹಳೇ ಸಪೂರದ್ದು. ತಂತಿಯಲ್ಲಿ ಹುಟ್ಟುವ ಬಿಸಿ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣ. ಅಂದರೆ ಪ್ರವಾಹ ಒಂದೂ ಮುಕ್ಕಾಲು ಪಟ್ಟಿನ ಹತ್ತಿರ ಏರಿದರೆ ಬಿಸಿ ಹೆಚ್ಚುಕಡಿಮೆ ಎರಡೂ ಮುಕ್ಕಾಲು ಪಟ್ಟು! ಇಪ್ಪತ್ತೈದು ವರ್ಷ ಹಳೆಯ ವಯರು, ಪಕ್ಕದಲ್ಲೇ ಒಣಗಿದ ಪ್ಲಾಸ್ಟಿಕ್ಕು, ಅದೇ ಕಾರಿನಲ್ಲಿ ಪೆಟ್ರೋಲು... ಇನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗ ಲೆಕ್ಕವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕೇಳಿದ: "ಇದು ಹತ್ತನೇ ಕ್ಲಾಸಿನ ಪಾಠ ಅಲ್ವಾ ಮಾಷ್ಟ್ರೇ? ಅದು ಇದಕ್ಕಾ?"

ಅವನು ತಮಾಷೆಗೆ ಕೇಳಿದ್ದಲ್ಲ. ಆ ಪಾಠ ಮಾಡಿದವರು ನಾವೇ. ಸೂತ್ರ ಬರೆಸಿದ್ದೆವು, ಲೆಕ್ಕ ಮಾಡಿಸಿದ್ದೆವು, ಮಾರ್ಕು ಕೊಟ್ಟಿದ್ದೆವು. ಅದು ಒಂದು ದಿನ ಅವನ ಕಾರು ಸುಟ್ಟುಹೋಗದಂತೆ ಕಾಯಬೇಕಾದ ಪಾಠ ಎಂದು ಮಾತ್ರ ಹೇಳಿರಲಿಲ್ಲ.

ಅವನಿಗೆ ಬೈಯುವ ಯೋಗ್ಯತೆ ನಮಗಿಲ್ಲ. ಯಾಕೆಂದರೆ ನಮ್ಮ ಕತೆ ಅದಕ್ಕಿಂತ ಕಡೆ.

2009ರ ಮೇ ತಿಂಗಳು. ಅಪ್ಪ, ಇಬ್ಬರು ಮಕ್ಕಳು, ನಾವಿಬ್ಬರು ಮಡಿಕೇರಿಯಿಂದ ವಾಪಸು ಬರುತ್ತಿದ್ದೆವು. ಸಂಪಾಜೆ ಘಾಟಿ ಇಳಿದು, ಸುಳ್ಯ ದಾಟಿ, ಜಾಲ್ಸೂರಿನಲ್ಲಿ ಎಡಕ್ಕೆ ತಿರುಗಿ ಮುಳ್ಳೇರಿಯಾ ದಾರಿಯಾಗಿ ಊರು ಸೇರುವ ಲೆಕ್ಕ. ಕಾರು ನೋಡಲು ಮದುವಣಗಿತ್ತಿಯ ಹಾಗಿತ್ತು. ಆ ವರ್ಷವಷ್ಟೇ 12 ಇಂಚಿನ ಚಕ್ರ ತೆಗೆದು 13 ಇಂಚಿನ ಅಲಾಯ್ ಹಾಕಿಸಿದ್ದೆವು. ಜೋಡಿ ಹಾರ್ನು, ಹೊಸ ಸ್ಟೀರಿಯೋ ಬೇರೆ. ಘಾಟಿಯ ಅರ್ಧಕ್ಕೆ ಬರುವಾಗ ಬ್ರೇಕ್ ಪೆಡಲ್ ಒಮ್ಮೆಲೇ ಹತ್ತಿಯ ಹಾಗೆ ಮೆತ್ತಗಾಯಿತು. ಒತ್ತಿದರೆ ಕಾಲು ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಎರಡನೇ ಗೇರಿಗೆ ಇಳಿಸಿ, ಹ್ಯಾಂಡ್ ಬ್ರೇಕನ್ನು ಮೆಲ್ಲ ಮೆಲ್ಲ ಎಳೆಯುತ್ತಾ, ಗುಡ್ಡದ ಬದಿಯ ಮಣ್ಣಿಗೆ ಹತ್ತಿಸಿ ಹೇಗೋ ನಿಲ್ಲಿಸಿದೆವು. ಅಪ್ಪ ಒಂದು ಮಾತೂ ಆಡಲಿಲ್ಲ. ಮಕ್ಕಳು ಹಿಂದಿನ ಸೀಟಿನಲ್ಲಿ ಹಾಡು ಕೇಳುತ್ತಾ ಕೂತಿದ್ದರು.

ಅರ್ಧ ಗಂಟೆ ತಣಿದ ಮೇಲೆ ಬ್ರೇಕು ಸರಿಯಾಯಿತು! ಕಾರಣ ಆಮೇಲೆ ತಿಳಿಯಿತು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಜಾತಿಯದ್ದು. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರಿನಂಶ ಸೇರಿದ ಮೇಲೆ ಆ ಕನಿಷ್ಠ ಮಿತಿ 140ಕ್ಕೆ ಇಳಿಯುತ್ತದೆ. ನಮ್ಮ ಕರಾವಳಿಯ ಗಾಳಿಯ ತೇವ ಕೇಳಬೇಕೇ? ಘಾಟಿಯಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಚಕ್ರದ ಬಳಿ ಆಯಿಲು ಕುದಿದು ಆವಿಯಾಗುತ್ತದೆ. ದ್ರವವನ್ನು ಒತ್ತಿದರೆ ಒತ್ತಡ ಮುಂದೆ ಸಾಗುತ್ತದೆ. ಅದು ಪಾಸ್ಕಲನ ನಿಯಮ, ಅದೂ ನಾವೇ ಮಾಡುವ ಪಾಠ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ ಅಷ್ಟೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಾದ, ಕೆಲವೇ ನೂರು ರೂಪಾಯಿಯ ಆ ಆಯಿಲನ್ನು ಕಾರು ಕೊಂಡ ಮೇಲೆ ಒಮ್ಮೆಯೂ ನಾವು ಬದಲಾಯಿಸಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಅದು ನಾವೇ.

ಅಲಾಯ್ ಚಕ್ರದ ಲೆಕ್ಕವನ್ನೂ ಆಮೇಲೆಯೇ ಮಾಡಿದ್ದು. ಮೂಲದ 145/70 ಆರ್ 12 ಟಯರಿನ ವ್ಯಾಸ ಸುಮಾರು 508 ಮಿಲಿಮೀಟರ್. ನಾವು ಹಾಕಿಸಿದ 155/70 ಆರ್ 13ರದ್ದು 547. ಸ್ಪೀಡೋಮೀಟರು ಚಕ್ರದ ಸುತ್ತು ಎಣಿಸುತ್ತದೆಯೇ ಹೊರತು ಚಕ್ರ ದೊಡ್ಡದಾಯಿತೆಂದು ಅದಕ್ಕೆ ಗೊತ್ತಾಗುವುದಿಲ್ಲ. ಮೊದಲು 60 ತೋರಿಸುತ್ತಿದ್ದ ವೇಗಕ್ಕೆ ಹೋಲಿಸಿದರೆ ಈಗ ಅದೇ 60ಕ್ಕೆ ಕಾರು ಹೆಚ್ಚುಕಡಿಮೆ 65ರಲ್ಲಿ ಓಡುತ್ತದೆ. ಊರಿಗೆ ಬಂದ ವಾರದಲ್ಲೇ ಹಳೇ ಚಕ್ರಗಳನ್ನು ವಾಪಸು ಹಾಕಿಸಿದೆವು.

ಈಗ ಕಾನೂನಿನ ವಿಷಯ. ಕೇರಳದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವ ಹಾಗಿಲ್ಲ ಎಂದು ಹೇಳಿತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ವಿಷಯ ಅದು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಎಂದಾಯಿತು. ಗ್ಯಾಸ್ ಕಿಟ್, ಅಂಗವಿಕಲರಿಗೆ ಬೇಕಾದ ಬದಲಾವಣೆ ಮೊದಲಾದವಕ್ಕೆ ಕ್ರಮಪ್ರಕಾರ ಅವಕಾಶ ಉಂಟು. ನಮ್ಮ ಹುಡುಗರಿಗೆ ಇದು ಬರೀ ಪೊಲೀಸರ ಕಿರುಕುಳವಾಗಿ ಕಾಣುತ್ತದೆ. ಘಾಟಿಯ ಆ ಅರ್ಧ ಗಂಟೆಯ ಮೇಲೆ ನಮಗೆ ಹಾಗೆ ಕಾಣುವುದಿಲ್ಲ.

ಆದರೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಮಾರ್ಪಾಡು ಬೇರೆ, ದುರಸ್ತಿ ಬೇರೆ. ಸವೆದುಹೋದದ್ದನ್ನು ತೆಗೆದು ಅದೇ ಅಳತೆಯದನ್ನು ಹಾಕುವುದು ದುರಸ್ತಿ. ಅದು ಮಾಲೀಕನ ಹಕ್ಕು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕಿ'ಗಾಗಿ ಸಮಿತಿ ಮಾಡಿದಾಗ ವಾಹನಗಳನ್ನೂ ಸೇರಿಸಿತ್ತು. ಅದೇ ವರ್ಷದ ಏಪ್ರಿಲಿನಿಂದ ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ ಕೇಂದ್ರದ ನಿಯಮದಲ್ಲಿ 600ರಿಂದ 5,000ಕ್ಕೆ ಏರಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದ್ದಕ್ಕೆ 10,000 ಮಾಡಿದರು. ಒಂದು ಕೈಯಲ್ಲಿ ಹಕ್ಕು, ಇನ್ನೊಂದು ಕೈಯಲ್ಲಿ ಹೊರೆ! ಹಳತನ್ನು ಕೈಯಾರೆ ಚೆನ್ನಾಗಿ ಇಟ್ಟುಕೊಂಡವನಿಗೂ, ತುಕ್ಕು ಹಿಡಿಸಿ ಬಿಟ್ಟವನಿಗೂ ಒಂದೇ ಶುಲ್ಕ ಯಾಕೆ? ತಪಾಸಣೆ ಕಟ್ಟುನಿಟ್ಟಾಗಲಿ, ಬೇಡ ಅನ್ನುವುದಿಲ್ಲ. ವಯಸ್ಸು ನೋಡಿ ಹಣ ಕೇಳುವ ಬದಲು ಬ್ರೇಕು, ಹೊಗೆ, ತುಕ್ಕು ನೋಡಿ ತೀರ್ಮಾನಿಸಲಿ.

ಹಳೇ ಕಾರೇ ಶ್ರೇಷ್ಠ ಎಂಬ ವಾದ ನಮ್ಮದಲ್ಲ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿ ನಿಂತ ಈ 800ರಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಡಿಕ್ಕಿಯಾದರೆ ಹೊಸ ಕಾರಿನಷ್ಟು ಕಾಪಾಡುವ ಶಕ್ತಿ ಅದಕ್ಕಿಲ್ಲ. ಯಾವ ಸ್ಪ್ಯಾನರಿನಿಂದಲೂ ಅದನ್ನು ತರಲಾಗದು. ಹಾಗಾಗಿ ಅದನ್ನು ಅದರ ವಯಸ್ಸಿಗೆ ತಕ್ಕ ವೇಗದಲ್ಲಿ ಓಡಿಸುತ್ತೇವೆ.

ನಮ್ಮ ಮನೆಯ ನಿಯಮ ಸರಳ. ಓಡಲು ಬೇಕಾದದ್ದು ಎರಡನೆಯದು, ನಿಲ್ಲಲು ಬೇಕಾದದ್ದು ಮೊದಲನೆಯದು. ಬರೀ ಜ್ಯಾಕಿನ ಮೇಲೆ ನಿಂತ ಕಾರಿನಡಿಗೆ ತಲೆ ಹಾಕುವುದಿಲ್ಲ, ಸ್ಟ್ಯಾಂಡ್ ಇಟ್ಟೇ ಹೋಗುವುದು. ಬ್ರೇಕಿನ ಕೆಲಸವನ್ನು ಮೊದಲ ಸಲ ಪಳಗಿದ ಮೆಕ್ಯಾನಿಕ್ಕಿನ ಪಕ್ಕದಲ್ಲಿ ನಿಂತು ಕಲಿತೆವು. ಈಗ ಒಬ್ಬರು ಪೆಡಲ್ ಒತ್ತುತ್ತಾರೆ, ಇನ್ನೊಬ್ಬರು ಚಕ್ರದ ಬಳಿ ನಿಪ್ಪಲ್ ಸಡಿಲಿಸಿ ಗಾಳಿ ಬಿಡುತ್ತಾರೆ. ಆಯಿಲು ಗುಳ್ಳೆಯಿಲ್ಲದೆ ಬರುವ ತನಕ ಮಾತಿಲ್ಲ. ದಾಂಪತ್ಯಕ್ಕೂ ಒಳ್ಳೆಯದು!

ಇನ್ನು ಶಾಲೆಯ ಮಾತು. "ಓದು ಹತ್ತದಿದ್ದರೆ ಗ್ಯಾರೇಜಿಗೆ ಹೋಗು" ಎಂದು ಮಕ್ಕಳಿಗೆ ಹೇಳಿದ ಪಾಪ ನಮ್ಮೆಲ್ಲರ ತಲೆಯ ಮೇಲಿದೆ. ಗ್ಯಾರೇಜಿಗೆ ಓದು ಬೇಡ ಅಂದವರು ಯಾರು? ಓಮನ ನಿಯಮ, ಪಾಸ್ಕಲನ ನಿಯಮ, ವೃತ್ತದ ಸುತ್ತಳತೆ ಎಲ್ಲವೂ ಒಂದು ಬಾನೆಟ್ಟಿನಡಿಯಲ್ಲೇ ಉಂಟು. ಪುಸ್ತಕದಲ್ಲಿ 'ವಿದ್ಯುತ್ ಪ್ರವಾಹ', ಗ್ಯಾರೇಜಿನಲ್ಲಿ 'ಕರೆಂಟು'. ಮಲಯಾಳ, ತುಳು, ಕನ್ನಡ, ಇಂಗ್ಲಿಷ್ ಎಲ್ಲ ಕಲೆತ ಆ ಗ್ಯಾರೇಜಿನ ಭಾಷೆಗೂ ನಮ್ಮ ಪಾಠಕ್ಕೂ ನಡುವೆ ಸೇತುವೆ ಕಟ್ಟಬೇಕಾದವರು ನಾವೇ. ಈ ವರ್ಷ ವಿದ್ಯುತ್ತಿನ ಪಾಠಕ್ಕೆ ಎರಡು ಹೆಡ್‌ಲೈಟ್ ಬಲ್ಬು, ಒಂದು ಸುಟ್ಟ ವಯರು ತೆಗೆದುಕೊಂಡು ಹೋಗುವುದೆಂದು ತೀರ್ಮಾನಿಸಿದ್ದೇವೆ. ವಯರು ಕೊಟ್ಟದ್ದು ಅದೇ ಹುಡುಗ.

ಅಂದಹಾಗೆ, ಅವನು ಹಳೇ ಬಲ್ಬನ್ನೇ ವಾಪಸು ಹಾಕಿದ್ದಾನೆ. ಕರಗಿದ ವಯರೂ ಹೊಸತಾಯಿತು. ಸ್ಪ್ರಿಂಗ್ ಬದಲಾಯಿಸಲು ದುಡ್ಡು ಕೂಡಿಸುತ್ತಿದ್ದಾನಂತೆ. ಸೈಲೆನ್ಸರ್ ಮಾತ್ರ ಇನ್ನೂ ಹಾಗೆಯೇ ಇದೆ, "ಅದೊಂದು ಇರ್ಲಿ ಮಾಷ್ಟ್ರೇ" ಅಂದ. "ಅದಕ್ಕೂ ಐದು ಸಾವಿರ ಮಾರಾಯಾ" ಅಂದೆವು. ಬರುವ ಭಾನುವಾರ ಬ್ರೇಕ್ ಆಯಿಲ್ ಬದಲಾಯಿಸಲು ನಮ್ಮಂಗಳಕ್ಕೇ ಬರುತ್ತಾನೆ.

ಓದುಗ ಮಿತ್ರರೇ, ನಿಮ್ಮ ಕಾರಿನದ್ದು ಬದಲಾಯಿಸಿ ಎಷ್ಟು ವರ್ಷವಾಯಿತು?