ಸಹಿ ಬಂದರೆ ಸಾಕೆ?

ನಮ್ಮ ಹಟ್ಟಿಯಲ್ಲಿ ಒಂದು ಟನ್ ಅದಿರು ಮೇಲೆ ತಂದರೆ ಸಿಗುವ ಚಿನ್ನ ಕೆಲವೇ ಗ್ರಾಂ. ಎಷ್ಟು ಟನ್ ಕಲ್ಲು ಎತ್ತಿದೆವು ಎಂಬುದನ್ನೇ ಚಿನ್ನದ ಲೆಕ್ಕವೆಂದು ಗಣಿಯಲ್ಲಿ ಯಾರೂ ಬರೆಯುವುದಿಲ್ಲ. ಶಾಲೆ ಬಿಟ್ಟ ಹುಡುಗಿಯರಿಗೆ ಸಂಜೆ ಹೊತ್ತು ಅಕ್ಷರ ಕಲಿಸುವ ಕೇಂದ್ರಗಳ ವಿಷಯದಲ್ಲಿ ಮಾತ್ರ ನಮಗೆ ಕಲ್ಲಿನ ಲೆಕ್ಕವೇ ಸಾಕು. ಎಷ್ಟು ಕೇಂದ್ರ ತೆರೆದೆವು, ಎಷ್ಟು ಹೆಸರು ದಾಖಲಾಯಿತು, ಎಷ್ಟು ಪ್ರಮಾಣಪತ್ರ ಹಂಚಿದೆವು. ಹೆಬ್ಬೆಟ್ಟು ಹೋಗಿ ಸಹಿ ಬಂತೆಂದರೆ ಫೋಟೊ ಬೇರೆ!

2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇಕಡಾ 50ನ್ನೂ ಮುಟ್ಟಲಿಲ್ಲ. ಅದೂ ಯಾರನ್ನೂ ಓದಿಸಿ ನೋಡಿದ ಲೆಕ್ಕವಲ್ಲ. ಮನೆಯವರು "ಓದಾಕ ಬರ್ತದ" ಎಂದರೆ ಬರೆದುಕೊಂಡದ್ದು.

ಅಳೆಯುವ ಕೋಲು ಇಲ್ಲವೆಂದಲ್ಲ. 1988ರಲ್ಲಿ ಶುರುವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ 15ರಿಂದ 35 ವಯಸ್ಸಿನವರಿಗೆ ಸ್ಪಷ್ಟ ಮಟ್ಟ ಹಾಕಿತ್ತು: ನಿಮಿಷಕ್ಕೆ 30 ಪದ ಗಟ್ಟಿಯಾಗಿ ಓದಬೇಕು, 7 ಪದ ನೋಡಿ ಬರೆಯಬೇಕು, ಉಕ್ತಲೇಖನದಲ್ಲಿ 5 ಪದ. 2022ರಲ್ಲಿ ಬಂದ ನವಭಾರತ ಸಾಕ್ಷರತಾ ಕಾರ್ಯಕ್ರಮದ ಪರೀಕ್ಷೆಯಲ್ಲಿ ಓದು, ಬರಹ, ಲೆಕ್ಕಕ್ಕೆ ತಲಾ 50 ಅಂಕ. ಒಪ್ಪೋಣ. ನನ್ನ ತಕರಾರು ಬೇರೆ. ಕೊನೆಯಲ್ಲಿ ಒಂದೇ ಸಲ ಅಳೆದು ಕೈ ತೊಳೆದುಕೊಂಡರೆ ಏನು ತಿಳಿಯಿತು? ಐದನೇ ತರಗತಿಗೆ ಶಾಲೆ ಬಿಟ್ಟವಳು, ಒಂದಕ್ಷರವನ್ನೂ ಕಾಣದವಳು ಇಬ್ಬರೂ ಪಾಸಾದರೆ, ಕೇಂದ್ರ ಯಾರಿಗೆ ಎಷ್ಟು ಕಲಿಸಿತು? ಬಂದ ದಿನವೇ ಓದಿಸಿ ನೋಡಿದ್ದರಲ್ಲವೆ ಗೊತ್ತಾಗುವುದು!

ಇನ್ನು ಪರೀಕ್ಷೆಯ ಮರುದಿನದ ಕಥೆ. ಹತ್ತಿ ಬಿಡಿಸುವ ಕಾಲ ಬಂದರೆ ಬೆಳಿಗ್ಗೆಯೇ ಟಂಟಂ ಬಂದು ನಿಲ್ಲುತ್ತದೆ. ಸಿಂಧನೂರಿನ ಕಡೆ ಭತ್ತದ ನಾಟಿ. ತಿಂಗಳುಗಟ್ಟಲೆ ಪುಸ್ತಕ ಮುಟ್ಟದ ಹುಡುಗಿಗೆ ಒತ್ತಕ್ಷರ ಮೊದಲು ಮರೆಯುತ್ತದೆ, ಆಮೇಲೆ ಕಾಗುಣಿತ. ಆರು ತಿಂಗಳ ಮೇಲೆ ಅವಳನ್ನು ಮತ್ತೆ ಓದಿಸಿ ನೋಡಿ ಎಂದರೆ "ಪರೀಕ್ಷೆ ಅಂದ್ರ ಹೆದರ್ತಾರ್ರೀ" ಎಂಬ ಉತ್ತರ. ಹೆದರುವವರು ಹುಡುಗಿಯರಲ್ಲ, ವರದಿ ಬರೆಯುವವರು.

ಒಬ್ಬ ಹುಡುಗಿ ನನಗೆ ನೇರವಾಗಿ ಹೇಳಿದಳು: "ಟೀಚರ್ರ, ನಂಗ ಕತಿ ಬ್ಯಾಡ್ರಿ. ಕೂಲಿ ಚೀಟ್ಯಾಗ ಎಷ್ಟ್ ದಿನ ಬರದಾರ ಅಂತ ಓದಾಕ ಬರೂವಂಗ ಮಾಡ್ರಿ." ಕಥೆ ಬೇಡವೆಂದಿದ್ದಕ್ಕೆ ನನಗೆ ಸ್ವಲ್ಪ ಬೇಸರವಾಯಿತು, ಅದು ಇರಲಿ. ಪ್ರಶ್ನೆಪತ್ರಿಕೆ ಹೇಗಿರಬೇಕೆಂದು ಅವಳು ಹೇಳಿಬಿಟ್ಟಿದ್ದಳು. ಉದ್ಯೋಗ ಚೀಟಿ, ಬ್ಯಾಂಕಿನ ಪಾಸ್‌ಬುಕ್, ಬಸ್ಸಿನ ಬೋರ್ಡು, ಕೂಸಿನ ಔಷಧದ ಬಾಟಲಿ ಮುಂದಿಟ್ಟು ಓದಿಸಿ. ಹೊಲಿಗೆ ಕಲಿತವಳಿಗೆ ರವಿಕೆ ಕತ್ತರಿಸಿ ತೋರಿಸು ಎನ್ನುವ ನಾವು, ಅಕ್ಷರ ಕಲಿತವಳ ಹಾಜರಿಯನ್ನಷ್ಟೇ ಏಕೆ ನೋಡುತ್ತೇವೆ?

ಇದಕ್ಕೆ ದುಡ್ಡಿಲ್ಲ ಎನ್ನಬೇಡಿ. ಒಬ್ಬೊಬ್ಬಳಿಗೆ ಒಂದು ನೋಟ್‌ಬುಕ್ ಸಾಕು. ಮೊದಲ ದಿನ ಬರೆದದ್ದು ಮೊದಲ ಪುಟದಲ್ಲಿ, ಸುಗ್ಗಿ ಮುಗಿಸಿ ಬಂದ ಮೇಲೆ ಬರೆದದ್ದು ಇನ್ನೊಂದರಲ್ಲಿ. ನಿಮ್ಮ ಓಣಿಯಲ್ಲಿ ಇಂಥ ಕೇಂದ್ರವಿದ್ದರೆ ಹೋಗಿ ಆ ಎರಡು ಪುಟ ತೋರಿಸಿ ಎಂದು ಕೇಳಿ.